ಬಾಯಲ್ಲೇ ಗಂಟೆ ಹೊಡೆಯುವ ಚಿಕ್ಕಪ್ಪ

ದೇವರಿಲ್ಲದ ದೇವಸ್ಥಾನವನ್ನೇ ಹುಡುಕಿಕೊಂಡು ಹೋಗುವ ಆಸ್ತಿಕರನ್ನು ನೀವು ಕಂಡಿದ್ದೀರಾ? ಇಲ್ಲದಿದ್ದರೆ ಮಲೇಷ್ಯಾಕ್ಕೆ ಬನ್ನಿ, ನಮ್ಮ ಚಿಕ್ಕಪ್ಪನನ್ನು ತೋರಿಸುತ್ತೇನೆ. ಪುಚೊಂಗಿನಲ್ಲಿ ಅವರ ಮನೆಯಿಂದ ಐದು ನಿಮಿಷ ನಡೆದರೆ ಒಂದು ಮುರುಗನ್ ಗುಡಿಯಿದೆ. ದೇವರಿದ್ದಾನೆ, ಪೂಜಾರಿಯಿದ್ದಾರೆ, ಶುಕ್ರವಾರ ಬಿಸಿಬಿಸಿ ಪೊಂಗಲ್ ಕೂಡ ಉಂಟು! ಚಿಕ್ಕಪ್ಪ ಮಾತ್ರ ಆ ಕಡೆ ತಲೆ ಹಾಕಿಯೂ ಮಲಗುವವರಲ್ಲ. ತಿಂಗಳಿಗೊಮ್ಮೆ ಐದು ತಾಸು ಕಾರು ಓಡಿಸಿಕೊಂಡು ಕೆಡಾ ರಾಜ್ಯದ ಬುಜಾಂಗ್ ಕಣಿವೆಗೆ ಹೋಗುತ್ತಾರೆ. ಅಲ್ಲಿರುವುದು ಸಾವಿರ ವರ್ಷ ಹಳೆಯ ಗುಡಿಗಳ ಪಾಯ. ಗೋಡೆಯಿಲ್ಲ, ಗೋಪುರವಿಲ್ಲ, ದೇವರಂತೂ ಇಲ್ಲವೇ ಇಲ್ಲ.

ನಾನು ಬಾಂಗ್ಸಾರಿನ ಆಫೀಸೊಂದಕ್ಕೆ ಕೆಲಸಕ್ಕೆ ಬಂದು ಎಂಟು ತಿಂಗಳಾಗಿತ್ತು. ಚಿಕ್ಕಪ್ಪನ ಪಕ್ಕದ ಬೀದಿಯಲ್ಲೇ ನನ್ನ ಕೋಣೆ. ಶುಕ್ರವಾರ ಆಫೀಸು ಬಿಟ್ಟರೆ ಸೋಮವಾರದವರೆಗೆ ನನ್ನ ಬಾಯಿಗೆ ಕೆಲಸವೇ ಇರುತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಿಗಾದರೂ ‘ಓಕೆ ಲಾ’ ಎಂದರೆ ಆ ದಿನದ ಸಂಭಾಷಣೆ ಮುಗಿಯಿತು. ಚಿಕ್ಕಮ್ಮ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ಚಿಕ್ಕಪ್ಪನ ಮನೆಗೆ ಹೋದರೂ ಇಬ್ಬರೂ ಟೀವಿ ನೋಡುತ್ತಿದ್ದೆವು, ಅಷ್ಟೇ. ಹೀಗಾಗಿ ಅವರು ಒಂದು ಶನಿವಾರ ಬರುತ್ತೀಯಾ ಎಂದಾಗ, ಕಲ್ಲು ನೋಡಲಿಕ್ಕಾದರೂ ಸರಿ ಎಂದು ಹೊರಟೆ.

ದಾರಿಯಲ್ಲಿ ಚಿಕ್ಕಪ್ಪ ಮಾಮಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ಹೋಟೆಲೊಂದರ ಎದುರು ಕಾರು ನಿಲ್ಲಿಸಿ, “ನಾಲ್ಕು ರೊಟ್ಟಿ ತಪಾವ್ ಮಾಡಪ್ಪ, ಸಾರು ಬೇರೆ ಕಟ್ಟು” ಎಂದು, ಪಾರ್ಸೆಲ್ಲಿಗೆ ಇಲ್ಲಿಯವರು ಹೇಳುವ ‘ತಪಾವ್’ ಒಂದನ್ನು ಬಿಟ್ಟರೆ, ಅಚ್ಚಗನ್ನಡದಲ್ಲಿ ಹೇಳಿದರು. ಅಂಗಡಿಯವನು ಹಾಗೆಯೇ ಕಟ್ಟಿಕೊಟ್ಟ! ಅವನಿಗೆ ಕನ್ನಡ ಬರುತ್ತದೋ, ಚಿಕ್ಕಪ್ಪ ಏನು ಹೇಳಿದರೂ ಅವನು ಅದನ್ನೇ ಕಟ್ಟುತ್ತಾನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಕಣಿವೆಯ ಮ್ಯೂಸಿಯಂ ಹಿಂದೆ ಮೆಟ್ಟಿಲು ಹತ್ತಿದರೆ, ತೊರೆಯ ಪಕ್ಕದಲ್ಲಿ ದೊಡ್ಡ ಗುಡಿಯೊಂದರ ಕಲ್ಲಿನ ಜಗಲಿ. ಚಿಕ್ಕಪ್ಪ ಚಪ್ಪಲಿ ಬಿಟ್ಟರು. ಬಾಗಿಲು ಇದ್ದಿರಬಹುದಾದ ಜಾಗದಲ್ಲಿ ಬೆನ್ನು ಬಗ್ಗಿಸಿ ಒಳಹೊಕ್ಕರು. ನಾನು ನೆಟ್ಟಗೆ ನಡೆದೆ. ತಲೆ ಬಡಿಯುತ್ತದೆ, ಬಗ್ಗು ಎಂದು ಗದರಿದರು. ಯಾವುದಕ್ಕೆ, ಆಕಾಶಕ್ಕಾ? ಆದರೂ ಬಗ್ಗಿದೆ! ಆಮೇಲೆ ಅವರು ಕೈಯೆತ್ತಿ, ಇಲ್ಲದ ಗಂಟೆಯ ಇಲ್ಲದ ಹಗ್ಗ ಎಳೆದು, ಬಾಯಲ್ಲೇ ‘ಢಣ್’ ಎಂದರು. ಫೋಟೊ ತೆಗೆಯುತ್ತಿದ್ದ ದಂಪತಿ ಕ್ಯಾಮೆರಾ ಕೆಳಗಿಳಿಸಿ ನೋಡಿದರು. ಕಾವಲುಗಾರ ತಲೆಯನ್ನೂ ಎತ್ತಲಿಲ್ಲ. ಅವನಿಗೆ ಇದು ತಿಂಗಳ ಪೂಜೆ. ನನಗಂತೂ ಅಡಗಿಕೊಳ್ಳಲು ಪುರಾತತ್ವದವರು ಅಗೆದ ಹಳ್ಳವೊಂದು ಹತ್ತಿರದಲ್ಲೇ ಇರಬಾರದಿತ್ತೇ ಎನಿಸಿತು.

ಪ್ರದಕ್ಷಿಣೆ ಮುಗಿದ ಮೇಲೆ ರೊಟ್ಟಿ ಬಿಚ್ಚಿ ಕೂತೆವು. ಮನೆ ಹತ್ತಿರ ನಿಜವಾದ ಗಂಟೆಯೇ ಇರುವಾಗ ಈ ಬಾಯಿಗಂಟೆ ಯಾಕೆ ಚಿಕ್ಕಪ್ಪ ಎಂದು ನಗುತ್ತಲೇ ಕೇಳಿದೆ. ಅವರು ನಗಲಿಲ್ಲ.

“ಅಲ್ಲಿ ಅರ್ಚನೆಗೆ ಹೆಸರು ಕೇಳ್ತಾರೆ ಕಣೇ. ಇಪ್ಪತ್ತೆಂಟು ವರ್ಷ ಇಬ್ಬರ ಹೆಸರು, ಇಬ್ಬರ ನಕ್ಷತ್ರ ಹೇಳಿದ್ದೆ. ಅವಳು ಹೋದ್ಮೇಲೆ ಒಂದ್ಸಲ ಹೋದೆ. ನನ್ನ ಹೆಸರು ಹೇಳಿ ನಿಲ್ಲಿಸ್ದೆ. ಪೂಜಾರಿ ಇನ್ನೂ ಕಾಯ್ತಾ ಇದ್ರು. ‘ಅಪ್ಪುರಂ?’ ಅಂದ್ರು.”

ತಮಿಳಿನಲ್ಲಿ ಅಪ್ಪುರಂ ಎಂದರೆ ‘ಆಮೇಲೆ?’ ಆಮೇಲೆ ಹೇಳಲು ಯಾರೂ ಇರಲಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಬಂದರಂತೆ. ಈ ಕಲ್ಲುಗಳು ಏನೂ ಕೇಳುವುದಿಲ್ಲ ಎಂದು ಸಾರಿನ ಪೊಟ್ಟಣ ನನ್ನತ್ತ ಸರಿಸಿದರು. ಎಂಟು ತಿಂಗಳು ಪಕ್ಕದ ಬೀದಿಯಲ್ಲಿದ್ದುಕೊಂಡು, ಒಂಟಿತನವೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆನಲ್ಲ!

ಪುಚೊಂಗ್ ಮುಟ್ಟಿದಾಗ ಸಂಜೆ ಪೂಜೆಯ ಹೊತ್ತು. ಗುಡಿಗೆ ಹೋಗಲೇಬೇಕೆಂದು ಹಟ ಹಿಡಿದೆ. ಕಾಲುನೋವು ಎಂದರು, ಕಾರು ನಿಲ್ಲಿಸಲು ಜಾಗವಿಲ್ಲ ಎಂದರು. ನಾನು ಕೇಳಲಿಲ್ಲ; ಅರ್ಚನೆಯ ತಟ್ಟೆ ತಂದು ಅವರ ಕೈಗಿಟ್ಟೆ. ಪೂಜಾರಿ ಹೆಸರು ಕೇಳಿದರು. ಚಿಕ್ಕಪ್ಪ ತಮ್ಮ ಗೋತ್ರ, ನಕ್ಷತ್ರ, ಹೆಸರು ಹೇಳಿ ನಿಲ್ಲಿಸಿದರು.

“ಅಪ್ಪುರಂ?”

ನಾನು ಮುಂದೆ ಬಂದು ನನ್ನ ಹೆಸರು ಹೇಳಿದೆ. ನಕ್ಷತ್ರ ಎಂದರು. ನೆನಪಾಗಲಿಲ್ಲ. ಊರಲ್ಲಿ ಯಾವಾಗಲೂ ಅಮ್ಮನೇ ಹೇಳುತ್ತಿದ್ದಳು. ಇಲ್ಲಿ ಇಷ್ಟು ದಿನ ನನ್ನನ್ನು ಯಾರೂ ಕೇಳಿರಲಿಲ್ಲ.

“ಉತ್ತರಾಷಾಢ,” ಎಂದರು ಚಿಕ್ಕಪ್ಪ, ಪೂಜಾರಿಯತ್ತ ನೋಡುತ್ತಲೇ. “ನಮ್ಮನೆ ಹುಡುಗಿ.”