ಇನ್ನು ಹತ್ತು

ಫಿಸಿಯೋಥೆರಪಿ ಓದುತ್ತಿದ್ದ ಆ ಹುಡುಗನಿಗೆ ವಾರ್ಡಿನವರೆಲ್ಲ ಸೇರಿ ಇಟ್ಟ ಹೆಸರು 'ಇನ್ನು ಹತ್ತು'. ರೋಗಿಗಳು ಹಲ್ಲು ಕಚ್ಚಿಕೊಂಡು ಹತ್ತು ಸಲ ಮಂಡಿ ಮಡಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇವನ ಬಾಯಿಂದ "ಇನ್ನು ಹತ್ತು" ಉದುರುತ್ತಿತ್ತು. ಸಹಾನುಭೂತಿಗೆಂದು ರೋಗಿಗಳೇ ಕೊಡುವ ಹತ್ತು ಅಂಕದಲ್ಲಿ ಅವನಿಗೆ ಸಿಕ್ಕಿದ್ದು ಸೊನ್ನೆ. ಅದರಲ್ಲಿ ಪಾಸಾಗದೆ ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ.

"ಇವತ್ತು ಸಂಜೆವರೆಗೂ ನೀನೇ ರೋಗಿ," ಎಂದು ಪಾಠ ಹೇಳುವ ಮೇಡಂ ಅವನ ಬಲಗಾಲು ಮಡಿಸಲಾಗದಂತೆ ಪಟ್ಟಿ ಬಿಗಿಸಿ ಕೈಗೊಂದು ವಾಕರ್ ಕೊಟ್ಟರು. "ಆಮೇಲೆ ಒಬ್ಬರಿಗೆ ವ್ಯಾಯಾಮ ಮಾಡಿಸು. ಅವರು ಎಷ್ಟು ಕೊಡ್ತಾರೋ ಅಷ್ಟೇ ಅಂಕ."

ಶುರುವಾಯಿತು ನೋಡಿ ಪಡಿಪಾಟಲು. ಲಿಫ್ಟ್ ಕೆಟ್ಟಿತ್ತು. ಗೆಳೆಯರು ಮೆಟ್ಟಿಲ ಬಳಿ ಸಾಲಾಗಿ ನಿಂತು, "ಹತ್ತು ಮೆಟ್ಲು ಆಯ್ತಲ್ಲ ಗುರೂ, ಇನ್ನು ಹತ್ತು!" ಎಂದು ಕಿಸಕ್ಕನೆ ನಕ್ಕರು. ಕ್ಯಾಂಟೀನಿನವನು ಕಾಲಿಗೆ ಎಣ್ಣೆ ತಿಕ್ಕು ಎಂದ. ಲೈಬ್ರರಿಯವರು ಎಣ್ಣೆ ಮುಟ್ಟಲೇಬೇಡ ಎಂದರು. ಕಾವಲುಗಾರ ಇಬ್ಬರನ್ನೂ ಬೈದು, ತನ್ನ ಭಾವಮೈದುನನ ಕಾಲಿನ ಕತೆಯನ್ನು ಅರ್ಧ ಗಂಟೆ ಹೇಳಿದ. ಅದನ್ನೂ ನಿಂತೇ ಕೇಳಬೇಕಾಯಿತು. ಶೌಚಾಲಯದಲ್ಲಿ ಕೂತವನು ಏಳಲಾಗದೆ ಕೂಗಿ ಜನ ಸೇರಿಸಿದ. ಸಂಜೆಯ ಹೊತ್ತಿಗೆ ಹುಡುಗ ಒಗೆದು ಹಿಂಡಿದ ಬಟ್ಟೆಯಂತಾಗಿದ್ದ.

ಪಟ್ಟಿ ಬಿಚ್ಚಿಸಿಕೊಂಡು ವಾರ್ಡಿಗೆ ಬಂದರೆ, ಮಂಡಿ ಆಪರೇಷನ್ ಆಗಿದ್ದ ಹೊಲಿಗೆಯಮ್ಮ ಕಾಯುತ್ತಿದ್ದರು.

"ಬೇಗ ಶುರು ಮಾಡಪ್ಪಾ. ನಾನು ಮತ್ತೆ ಮಿಷನ್ ತುಳೀಬೇಕು."

ಒಂದು, ಎರಡು, ಮೂರು. ಆಕೆಯ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು, ತುಟಿ ಬಿಳಿಚಿತು, ಆದರೆ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಹುಡುಗ ಎಣಿಸುವುದನ್ನೇ ಮರೆತ. ತನ್ನದು ಬಿಚ್ಚಿದರೆ ಮುಗಿದುಹೋಗುವ ಪಟ್ಟಿ, ಈಕೆಯದು ಹಸಿ ಗಾಯ. ಇಂಥ ಎಷ್ಟು ಜನರನ್ನು ತಾನು ಮುಖ ಕೂಡ ನೋಡದೆ ಬರೀ ಎಣಿಸಿಬಿಟ್ಟಿದ್ದೆನಲ್ಲ! ದೊಡ್ಡ ಬೆಟ್ಟದ ಬುಡದಲ್ಲಿ ನಿಂತವನಂತೆ ಆಕೆಯನ್ನೇ ನೋಡುತ್ತ ನಿಂತ.

"ಹತ್ತಾಯ್ತು. ಮುಂದೆ?"

"ಸಾಕಮ್ಮಾ," ಎಂದ. ಕಣ್ಣು ತುಂಬಿತು. "ನೀವು ದೊಡ್ಡವರು. ಮಲಕ್ಕೊಳ್ಳಿ." ಹೊಲಿಗೆಯಮ್ಮನೇ ಅವನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.

ಈ ಸಲ ಪೂರ್ತಿ ಹತ್ತು ಎಂದುಕೊಂಡು ಮೇಡಂ ಮುಂದೆ ನಿಂತ. ಮೇಡಂ ಚೀಟಿ ತೋರಿಸಿದರು. ಸೊನ್ನೆ. ಕೆಳಗೆ ಹೊಲಿಗೆಯಮ್ಮನ ದುಂಡನೆಯ ಅಕ್ಷರ:

"ಹುಡುಗ ಬಂಗಾರದಂಥವನು. ಆದರೆ ನನ್ನ ಕಷ್ಟ ಅವನಿಗೆ ಅರ್ಥವಾಗಲಿಲ್ಲ. ಅವನನ್ನು ಸಮಾಧಾನ ಮಾಡುವುದರಲ್ಲೇ ನನ್ನ ವ್ಯಾಯಾಮ ನಿಂತುಹೋಯಿತು. ನಿಮ್ಮಲ್ಲಿ 'ಇನ್ನು ಹತ್ತು' ಅಂತ ಒಬ್ಬನಿದ್ದಾನಂತೆ. ನಾಳೆಯಿಂದ ದಯವಿಟ್ಟು ಅವನನ್ನು ಕಳಿಸಿ."