ಕಚ್ಚಿದ ನಾಯಿ ಯಾರದು?

ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ಪಕ್ಕದ ಮನೆಯ ಬಟನ್ ಎಂಬ ನಾಯಿ ಎಲ್ಡನ್ ಪ್ರುಯಿಟ್‌ನ ಬಲಗೈಯನ್ನು ಕಚ್ಚಿತು. ಎಲ್ಡನ್ ಕಿರುಚಲಿಲ್ಲ. ನಾಯಿಯ ಒಡತಿ ಆರ್ಲೀನ್ ಟಕೆಟ್ ಫೋನ್ ಬಂತೆಂದು ಆಗಷ್ಟೇ ಒಳಗೆ ಹೋಗಿದ್ದಳು. ಅವಳು ಹೊರಗೆ ಬರುವಷ್ಟರಲ್ಲಿ ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಬೇಲಿಯ ಈಚೆ ಹಲ್ಲು ಕಿರಿದು ನಿಂತಿದ್ದ.

"ಹಾಗಾದ್ರೆ ಸಂಜೆ ಆರಕ್ಕೆ ಊಟಕ್ಕೆ ಬರ್ತೀರಿ ತಾನೆ?" ಎಂದಳು ಆರ್ಲೀನ್. "ನಿಮ್ಮ ಹತ್ರ ಒಂದು ಮುಖ್ಯವಾದ ವಿಷ್ಯ ಮಾತಾಡೋದಿದೆ. ಬೇಲಿ ಹತ್ರ ನಿಂತು ಹೇಳೋ ಮಾತಲ್ಲ ಅದು."

"ಬರ್ತೀನಿ, ಬರ್ತೀನಿ," ಎಂದ ಎಲ್ಡನ್. ಜೇಬಿನೊಳಗೆ ರಕ್ತ ಬೆಚ್ಚಗೆ ಹರಿಯುತ್ತಿತ್ತು. ಆದರೂ ಅವನಿಗೆ ನಾಲ್ಕು ವರ್ಷದಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ನಾರ್ಮಾ ತೀರಿಕೊಂಡಳು. ಅಂದಿನಿಂದ ನಮ್ಮ ಬೀದಿಯಲ್ಲಿ ಅವನನ್ನು ಊಟಕ್ಕೆ ಕರೆದವರಿಲ್ಲ. ಕೆಟ್ಟವನೆಂದಲ್ಲ. ಮೂವತ್ತೊಂದು ವರ್ಷ ಶಾಲಾ ಬಸ್‌ಗಳ ಬ್ರೇಕು, ಬೆಲ್ಟು, ತುರ್ತು ಬಾಗಿಲು ಪರೀಕ್ಷೆ ಮಾಡಿ ಸಹಿ ಹಾಕಿದ ಮನುಷ್ಯ ಅವನು. ಯಾರ ಮನೆಗೆ ಹೋದರೂ ಕೂರುವ ಮೊದಲು ಹೊಗೆ ಎಚ್ಚರಿಕೆಯ ಗಂಟೆ ಎಲ್ಲಿದೆ ಎಂದು ಚಾವಣಿ ನೋಡುತ್ತಿದ್ದ. ಅಂಥವರನ್ನು ಜನ ಗೌರವಿಸುತ್ತಾರೆ, ಊಟಕ್ಕೆ ಕರೆಯುವುದಿಲ್ಲ. ಅಂಚೆಯವನ ಜೊತೆ ಎರಡು ಮಾತು ಆಡಿದ ದಿನ ಅವನಿಗೆ ಹಬ್ಬ.

ಮುಚ್ಚಿಡಲು ಕಾರಣವಿತ್ತು. ಹೋದ ವರ್ಷ ಬಟನ್ ಇದೇ ಅಂಚೆಯವನ ಮೀನಖಂಡಕ್ಕೆ ಬಾಯಿ ಹಾಕಿ ಕೌಂಟಿ ಸರ್ಕಾರದ ದಫ್ತರಿನಲ್ಲಿ ಹೆಸರು ಬರೆಸಿಕೊಂಡಿತ್ತು. ಇನ್ನೊಂದು ಸಲ ಕಚ್ಚಿದ್ದು ದಾಖಲಾದರೆ ವಿಷಯ ನ್ಯಾಯಾಧೀಶರ ಮುಂದೆ ಹೋಗುತ್ತದೆ, ನಾಯಿಯ ಪ್ರಾಣವೇ ಹೋಗಬಹುದು. ಆರ್ಲೀನ್ ಇದನ್ನು ಬೇಲಿಯ ಹತ್ತಿರ ನಿಂತು ಹೇಳುತ್ತಾ ಅತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗಿದ್ದದ್ದು ಅದೊಂದು ನಾಯಿ. ಎಲ್ಡನ್‌ಗೆ ಇದ್ದದ್ದು ಅವಳು ಬೇಲಿಯ ಹತ್ತಿರ ಆಡುವ ಮಾತು.

ಕೈಯನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಅವನು ಮನೆ ಸೇರಿಬಿಡುತ್ತಿದ್ದ. ಆದರೆ ಎದುರುಮನೆಯ ಡ್ವೇನ್ ತನ್ನ ಜಗುಲಿಯ ಕುರ್ಚಿಯಲ್ಲಿ ಕೂತಿದ್ದ. ಡ್ವೇನ್ ಆ ಕುರ್ಚಿಯಲ್ಲಿ ಕೂತರೆ ಬೀದಿಯಲ್ಲಿ ಎಲೆ ಬಿದ್ದರೂ ಅವನ ಅಪ್ಪಣೆ ಬೇಕು.

"ಏನಯ್ಯಾ, ಪ್ಯಾಂಟಲ್ಲಿ ರಕ್ತ!" ಎಂದು ಕೂಗುತ್ತಲೇ ಅವನು ರಸ್ತೆ ದಾಟಿ ಬಂದ.

"ಗುಲಾಬಿ ಮುಳ್ಳು ಕಣೋ. ಏನಿಲ್ಲ."

"ಏನಿಲ್ಲ ಅಂದ್ಕೊಂಡೇ ನಮ್ಮ ದೊಡ್ಡಪ್ಪ ಧನುರ್ವಾಯು ಬಂದು ಹೋದ. ದವಡೆ ಹೀಗೆ ಕಚ್ಕೊಂಬಿಟ್ಟಿತ್ತು, ನೋಡು," ಎಂದು ಡ್ವೇನ್ ದೊಡ್ಡಪ್ಪನ ದವಡೆಯನ್ನು ಅಭಿನಯಿಸಿ ತೋರಿಸಿದ. "ಗಾಡಿ ಹತ್ತು. ಕ್ಲಿನಿಕ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೆ ಆರ್ಲೀನ್‌ನ ಕರೀತೀನಿ."

ಆ ಕೊನೆಯ ಮಾತಿಗೆ ಎಲ್ಡನ್ ಗಾಡಿ ಹತ್ತಿದ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಗಾಯವನ್ನು ತೊಳೆದು ಹತ್ತಿರದಿಂದ ನೋಡಿದಳು. ಡ್ವೇನ್ ಹೊರಗೆ ಕೂತು ಹಳೇ ಪತ್ರಿಕೆ ತಿರುವಿಹಾಕುತ್ತಿದ್ದ.

"ಗುಲಾಬಿ ಅಂದ್ರಾ?" ಎಂದಳು ಡಾಕ್ಟರು. "ಮೇಲೆ ನಾಲ್ಕು ಹಲ್ಲು, ಕೆಳಗೆ ಮೂರು ಹಲ್ಲು ಇರೋ ಗುಲಾಬಿನ ನಾನು ಇದುವರೆಗೂ ನೋಡಿಲ್ಲ. ಯಾರ ನಾಯಿ?"

ಎಲ್ಡನ್ ಚಾವಣಿ ನೋಡಿದ. ಹೊಗೆ ಎಚ್ಚರಿಕೆಯ ಗಂಟೆ ಸರಿಯಾದ ಜಾಗದಲ್ಲೇ ಇತ್ತು.

"ಹೇಳಲೇಬೇಕು ರೀ. ನಾಯಿ ಕಚ್ಚಿದ್ರೆ ನಾನು ಕೌಂಟಿಗೆ ಬರೆದು ಕಳಿಸಲೇಬೇಕು, ಕಾನೂನು ಅದು. ಯಾರದು?"

"ನಂದೇ," ಎಂದುಬಿಟ್ಟ ಎಲ್ಡನ್.

ಸರ್ಕಾರಿ ಕಾಗದದ ಮೇಲೆ ಜನ್ಮದಲ್ಲಿ ಸುಳ್ಳು ಬರೆಸಿದವನಲ್ಲ ಅವನು. ಹಾಗಾಗಿ ಅಭ್ಯಾಸ ಸಾಲದಾಯಿತು. ನಾಯಿಯ ಹೆಸರು ಕೇಳಿದಾಗ ಜಾರ್ಜ್ ಎಂದ. ಅದು ಅವನ ಮಾವನ ಹೆಸರು, ಆತನೂ ಕಚ್ಚುವ ಸ್ವಭಾವದವನೇ ಆಗಿದ್ದ. ಬಣ್ಣ? ಕಂದು, ಬಿಳಿ. ಗಾತ್ರ? ಮಧ್ಯಮ. ಜಾತಿ? "ಸಾಧಾರಣ."

"ಸರಿ," ಎಂದಳು ಡಾಕ್ಟರು, ಧನುರ್ವಾಯುವಿನ ಸೂಜಿ ಚುಚ್ಚುತ್ತಾ. "ಮಧ್ಯಾಹ್ನ ಮೂರಕ್ಕೆ ಕೌಂಟಿಯವರು ಬಂದು ನಾಯಿ ನೋಡ್ತಾರೆ. ಹತ್ತು ದಿನ ಮನೆಯೊಳಗೇ ಕಟ್ಟಿ ಇಟ್ಕೊಳ್ಳಿ. ನಾಯಿ ಆರೋಗ್ಯವಾಗಿದ್ರೆ ನಿಮಗೆ ಬೇರೆ ಏನೂ ಬೇಕಾಗಲ್ಲ. ನಾಯಿನ ಮನೇಲೇ ಬಿಟ್ಟು ಬಂದಿದೀರಿ ತಾನೆ?"

"ಮನೇಲಿದೆ," ಎಂದ ಎಲ್ಡನ್. ಅವನ ಮನೆಯಲ್ಲಿ ಇಲಿಯೂ ಇರಲಿಲ್ಲ.

ಡ್ವೇನ್ ಅವನನ್ನು ಮನೆಗೆ ತಂದು ಬಿಟ್ಟು, ದೊಡ್ಡಪ್ಪನ ಕತೆಯ ಉಳಿದ ಭಾಗವನ್ನೂ ಹೇಳಿ ಹೋಗುವಷ್ಟರಲ್ಲಿ ಹನ್ನೆರಡೂವರೆ. ಎಲ್ಡನ್ ತನ್ನ ಹಳೇ ಟ್ರಕ್ಕನ್ನು ಎಡಗೈಯಲ್ಲಿ ಓಡಿಸಿಕೊಂಡು ಊರಾಚೆ ಜೋಳದ ಹೊಲಗಳ ನಡುವೆ ಇರುವ ನಾಯಿಗಳ ಆಶ್ರಯಕ್ಕೆ ಹೋದ. ಅಲ್ಲಿ ಖಾಕಿ ಅಂಗಿಯ ಹೆಂಗಸೊಬ್ಬಳು ನೆಲ ತೊಳೆಯುತ್ತಿದ್ದಳು. ಅಂಗಿಯ ಮೇಲೆ ರೀಸ್ ಎಂದು ಹೆಸರಿತ್ತು.

"ಕಂದು-ಬಿಳಿ ಬಣ್ಣದ್ದು ಬೇಕಿತ್ತು. ಮಧ್ಯಮ ಗಾತ್ರ. ಈಗಲೇ," ಎಂದ ಎಲ್ಡನ್.

ರೀಸ್ ಪೊರಕೆ ನಿಲ್ಲಿಸಿದಳು. "ಸೋಫಾ ಕೇಳೋ ಹಾಗೆ ಕೇಳ್ತೀರಲ್ರೀ! ಆಟ ಆಡುತ್ತಾ, ಮಕ್ಕಳ ಜೊತೆ ಹೊಂದ್ಕೊಳ್ಳುತ್ತಾ, ಏನೂ ಕೇಳಲ್ವಾ?"

"ಕಂದು-ಬಿಳಿ ಇದ್ರೆ ಸಾಕು."

ಅಂಥದ್ದು ಒಂದೇ ಇತ್ತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಹದಿಮೂರು ವರ್ಷದ ಮುದಿ ನಾಯಿ. ಬಹಳ ದಿನದಿಂದ ಯಾರೂ ಕೇಳಿರಲಿಲ್ಲವಾಗಿ ರೀಸ್‌ಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಅವಳೇ ಎತ್ತಿ ಟ್ರಕ್ಕಿನಲ್ಲಿ ಕೂರಿಸಿ, ಎಲ್ಡನ್‌ನ ಎಡಗೈ ಹಿಡಿದು ಕುಲುಕಿದಳು. ಎರಡು ಗಂಟೆಗೆ ಎಲ್ಡನ್ ನಾಯಿಯನ್ನು ಮನೆಯ ಮುಂದೆ ಇಳಿಸಿದ. ಅದು ಮೆಟ್ಟಿಲು ಹತ್ತಲು ಹತ್ತು ನಿಮಿಷ ತೆಗೆದುಕೊಂಡಿತು. ನೀರು, ತಟ್ಟೆ, ಹಳೇ ಕಂಬಳಿ ಎಲ್ಲ ಜೋಡಿಸಿ ಎಲ್ಡನ್ ಹಣೆಯ ಬೆವರು ಒರೆಸಿಕೊಂಡ. ಮೂವತ್ತೊಂದು ವರ್ಷ ಬಸ್ಸಿನವರು ತಪಾಸಣೆಯ ಹಿಂದಿನ ದಿನ ಏನೇನು ಮಾಡುತ್ತಿದ್ದರೆಂದು ಅವನಿಗೆ ಈಗ ಅರ್ಥವಾಯಿತು.

ಮೂರು ಗಂಟೆಗೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅದೇ ರೀಸ್.

ನಮ್ಮದು ಸಣ್ಣ ಕೌಂಟಿ. ನಾಯಿ ಹಿಡಿಯುವುದು, ನಾಯಿ ಸಾಕುವುದು, ನಾಯಿ ಕೊಡುವುದು, ಕಚ್ಚಿದ ನಾಯಿಯ ವಿಚಾರಣೆ ಮಾಡುವುದು ಎಲ್ಲಕ್ಕೂ ಅವಳೊಬ್ಬಳೇ. ಬಸ್ ತಪಾಸಣೆಯಲ್ಲಿ ಜೀವ ಸವೆಸಿದ ಎಲ್ಡನ್‌ಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ರೀಸ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದಳು. "ಜಾರ್ಜ್. ಕಂದು-ಬಿಳಿ. ಮಧ್ಯಮ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ಯಜಮಾನನ ಕೈ ಕಚ್ಚಿದ್ದು." ಅವಳು ಕೆಳಗೆ ಕೂತು ನಾಯಿಯ ತುಟಿ ಎತ್ತಿದಳು. "ಪ್ರುಯಿಟ್ ಅವ್ರೇ, ನಿಮ್ಮ ಕೈಮೇಲೆ ಏಳು ಹಲ್ಲಿನ ಗುರುತಿದೆ ಅಂತ ಡಾಕ್ಟರು ಬರೆದಿದಾರೆ. ಇವನ ಬಾಯಲ್ಲಿರೋದೇ ಎರಡು. ಮಿಕ್ಕ ಐದನ್ನ ಯಾರ ಹತ್ರ ಎರವಲು ತಂದಿದ್ದ?"

ಎಲ್ಡನ್ ಮತ್ತೆ ಚಾವಣಿ ನೋಡಿದ.

"ಒಂಬತ್ತು ಗಂಟೆಗೆ ಇವನು ನನ್ನ ಕೈಯಲ್ಲಿ ಗಂಜಿ ತಿಂತಿದ್ದ."

ಅದೇ ಹೊತ್ತಿಗೆ ಪಕ್ಕದ ಮನೆಯ ಕಿಟಕಿಯಿಂದ ಬಟನ್ ಬೊಗಳಿತು. ರೀಸ್ ತಲೆಯೆತ್ತಿ ಆ ಕಡೆ ನೋಡಿದಳು.

"ಅದು ಬಹಳ ಸಾಧು," ಎಂದ ಎಲ್ಡನ್, ಅವಳು ಕೇಳುವ ಮೊದಲೇ.

ರೀಸ್ ನಿಟ್ಟುಸಿರಿಟ್ಟು ಕುರ್ಚಿ ಎಳೆದುಕೊಂಡಳು. "ನೋಡಿ, ನಾನು ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಕಚ್ಚಿದ್ದು ಯಾವ ನಾಯಿ ಅಂತ ಗೊತ್ತಾದ್ರೆ ಹತ್ತು ದಿನ ಅದನ್ನ ನೋಡ್ತೀವಿ, ನಿಮಗೆ ಇನ್ನೊಂದು ಸೂಜಿನೂ ಬೇಡ. ಗೊತ್ತಿಲ್ಲ ಅಂದ್ರೆ, ರೇಬಿಸ್ ಆಟದ ಸಾಮಾನಲ್ಲ. ಇವತ್ತೇ ಗಾಯದ ಸುತ್ತಲೂ ಚುಚ್ಚಬೇಕು, ತೋಳಿಗೊಂದು ಬೇರೆ. ಆಮೇಲೆ ಇನ್ನೂ ಮೂರು ಸಲ ಹೋಗ್ಬೇಕು. ಹೇಳಿ, ಯಾರ ನಾಯಿ?"

ಎಲ್ಡನ್‌ಗೆ ಸೂಜಿಯೆಂದರೆ ಚಿಕ್ಕಂದಿನಿಂದ ಪ್ರಾಣಭಯ. ಅವನು ಒಮ್ಮೆ ಕೈ ನೋಡಿಕೊಂಡ. ಬೇಲಿಯ ಹತ್ತಿರ ಅಳುತ್ತಿದ್ದ ಆರ್ಲೀನ್ ಕಣ್ಣ ಮುಂದೆ ಬಂದಳು.

"ಗುರುತಿಲ್ಲದ ನಾಯಿ. ಹಳ್ಳದ ಕಡೆ ಓಡಿಹೋಯ್ತು."

"ಇದೂ ಸುಳ್ಳು."

"ಹೌದು. ಆದ್ರೆ ಹೀಗೇ ಬರ್ಕೊಳ್ಳಿ."

ರೀಸ್ ಹಾಗೇ ಬರೆದುಕೊಂಡಳು. ತನ್ನ ಮನೆಯ ಫೋನ್ ನಂಬರ್ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟಳು. ನಾಯಿಯನ್ನು ವಾಪಸು ಕೊಡಲೇ ಎಂದು ಎಲ್ಡನ್ ಕೇಳಿದಾಗ, ಕಂಬಳಿಯ ಮೇಲೆ ಗೊರಕೆ ಹೊಡೆಯುತ್ತಿದ್ದ ಜಾರ್ಜನ್ನು ತೋರಿಸಿ, "ನಿಮಗೆ ಮನಸ್ಸು ಬಂದ್ರೆ ಎಬ್ಬಿಸಿ ತಂದು ಬಿಡಿ," ಎಂದು ಹೊರಟುಹೋದಳು. ಎಲ್ಡನ್‌ಗೆ ಮನಸ್ಸು ಬರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಗಾಯದ ಸುತ್ತ ಚುಚ್ಚಿದಳು, ತೋಳಿಗೆ ಚುಚ್ಚಿದಳು, ಔಷಧಿ ಮಿಕ್ಕಿತೆಂದು ತೊಡೆಗೂ ಚುಚ್ಚಿದಳು. ಮಾತಾಡಿಸಿದರೆ ನೋವು ಮರೆಯುತ್ತದೆಂದು ಕೇಳಿದಳು, "ಜೊತೆಗೆ ಯಾರಾದ್ರೂ ಬಂದಿದಾರಾ?"

"ಇಲ್ಲಮ್ಮ."

"ಮನೇಲಿ ಯಾರಾದ್ರೂ ಇದಾರಾ?"

ಇಲ್ಲ ಎನ್ನಲು ಹೊರಟವನು ತಡೆದುಕೊಂಡ. "ಒಂದು ನಾಯಿ ಇದೆ," ಎಂದ. ಹಾಗೆ ಹೇಳುವುದು ಅವನಿಗೆ ಹಿತವಾಗಿತ್ತು.

ನರ್ಸು ಸೂಜಿಯನ್ನು ಹಿಂದಕ್ಕೆಳೆದಳು. "ಅದೇ ಕಚ್ಚಿದ್ದಾ?"

ಆರು ಗಂಟೆಗೆ ಎಲ್ಡನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಯಾಂಡೇಜಿನ ಕೈಯಲ್ಲಿ ಹೂಗೊಂಚಲು ಹಿಡಿದು ಆರ್ಲೀನ್ ಮನೆಯ ಬಾಗಿಲು ತಟ್ಟಿದ. ತೊಡೆ ನೋಯುತ್ತಿದ್ದದ್ದರಿಂದ ಸ್ವಲ್ಪ ಓರೆಯಾಗಿ ಕೂತ. ಮೇಜಿನ ಮೇಲೆ ಬೆಂದ ದನದ ಮಾಂಸ, ಆಲೂಗಡ್ಡೆ, ಹುರುಳಿಕಾಯಿ. ಕೆಳಗೆ ಬಟನ್ ಅವನ ಬೂಟನ್ನು ಮೂಸುತ್ತಿತ್ತು. ನಾಲ್ಕು ವರ್ಷ ಒಂದೇ ತಟ್ಟೆ ತೊಳೆದಿದ್ದ ಎಲ್ಡನ್ ಆ ಎರಡು ತಟ್ಟೆಗಳನ್ನು ನೋಡಿ, ಸೂಜಿಗಳೆಲ್ಲ ಸಾರ್ಥಕವೆಂದುಕೊಂಡ. ಮುಖ್ಯವಾದ ವಿಷಯಕ್ಕೆ ಹೇಗೆ ಉತ್ತರ ಕೊಡಬೇಕೆಂದು ಕನ್ನಡಿಯ ಮುಂದೆ ಹೇಳಿಕೊಂಡೂ ಬಂದಿದ್ದ.

"ಕೈಗೇನಾಯ್ತು?" ಎಂದಳು ಆರ್ಲೀನ್.

"ಗುಲಾಬಿ ಮುಳ್ಳು."

"ಅಯ್ಯೋ ಪಾಪ." ಅವಳು ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು. "ಎಲ್ಡನ್, ಹೇಗೆ ಹೇಳೋದು ಅಂತ ಒಂದು ವಾರದಿಂದ ಒದ್ದಾಡ್ತಿದೀನಿ. ನಾನು ಮನೆ ಮಾರಿಬಿಟ್ಟೆ. ಅರಿಜೋನಾದಲ್ಲಿ ನಮ್ಮಕ್ಕ ಇದಾಳಲ್ಲ, ಅವಳ ಜೊತೆ ಇರೋಕೆ ಹೋಗ್ತಿದೀನಿ. ಬರೋ ಶುಕ್ರವಾರ."

ಎಲ್ಡನ್ ಮುಳ್ಳುಚಮಚ ಕೆಳಗಿಟ್ಟ.

"ಅಲ್ಲಿ ನಾಯಿ ಇಟ್ಕೊಳ್ಳೋ ಹಾಗಿಲ್ಲ. ಬಟನ್‌ನ ನೀವು ಇಟ್ಕೋತೀರಾ ಅಂತ ಕೇಳೋಣ ಅಂತಲೇ ಊಟಕ್ಕೆ ಕರೆದಿದ್ದು. ಅವನಿಗೆ ಇನ್ನೊಂದು ನಾಯಿ ಕಂಡ್ರೆ ಆಗಲ್ಲ ನೋಡಿ, ನಿಮ್ಮ ಮನೇಲಿ ನಾಯಿ ಇಲ್ಲ. ವಾರಕ್ಕೊಂದು ಸಲ ನಿಮಗೆ ಫೋನ್ ಮಾಡಿ ಅವನ ಸಮಾಚಾರ ಕೇಳಬಹುದು ಅಂತ ಎಷ್ಟು ಆಸೆಯಿತ್ತು ಗೊತ್ತಾ? ಎರಡು ಗಂಟೆಗೆ ಕಿಟಕೀಲಿ ನೋಡ್ತೀನಿ, ನಿಮ್ಮ ಟ್ರಕ್‌ನಿಂದ ನಾಯಿ ಇಳೀತಿದೆ!" ಆರ್ಲೀನ್ ನಕ್ಕಳು, ಆದರೆ ಕಣ್ಣು ಒದ್ದೆಯಾಗಿತ್ತು. "ತಕ್ಷಣ ಡ್ವೇನ್‌ಗೆ ಫೋನ್ ಮಾಡಿದೆ. ಪಾಪ, ಒಂದೇ ಮಾತಿಗೆ ಒಪ್ಕೊಂಡ."

ಯಾಕೆ ತಂದೆ ಗೊತ್ತಾ, ಯಾರಿಗೋಸ್ಕರ ತಂದೆ ಗೊತ್ತಾ ಎಂಬ ಮಾತು ಎಲ್ಡನ್‌ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಬಟನ್ ಕಚ್ಚಿದ್ದನ್ನೂ ಹೇಳಬೇಕು. ಆಮೇಲೆ ಅವಳು ಅರಿಜೋನಾದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವಂತಿಲ್ಲ. ಆಲೂಗಡ್ಡೆಯ ಜೊತೆ ಅದನ್ನೂ ನುಂಗಿದ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ಎಂದಳು ಅವಳು ಬಾಗಿಲ ತನಕ ಬಂದು. "ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗ್ತಿದೀನಲ್ಲ ಅಂತ ಕೊರಗ್ತಿದ್ದೆ. ಈಗ ನಿಮಗೂ ಒಂದು ಜೊತೆ ಆಯ್ತು."

ಬೇಸಿಗೆಯಾದ್ದರಿಂದ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಜಾರ್ಜ್ ಗೋಡೆಗೆ ಮುಖ ಮಾಡಿ ಮಲಗಿತ್ತು. ಎಲ್ಡನ್ ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಮಾತಾಡತೊಡಗಿದ. ನಾರ್ಮಾ ಹೋದದ್ದು, ಮನೆಯಲ್ಲಿ ತನ್ನ ಧ್ವನಿಯೇ ತನಗೆ ಮರೆತುಹೋದದ್ದು, ಬೇಲಿಯ ಹತ್ತಿರ ಮಾತಾಡಲೆಂದೇ ಇಲ್ಲದ ಕಳೆ ಕಿತ್ತದ್ದು, ಇವತ್ತು ಸಂಜೆ ಏನು ಹೇಳಬೇಕೆಂದುಕೊಂಡಿದ್ದೆ ಎಂಬುದು, ಎಲ್ಲವನ್ನೂ ಹೇಳಿದ. ಒಂದು ಗಂಟೆ ಹೇಳಿದ. ಅಷ್ಟು ತಾಳ್ಮೆಯಿಂದ ಅವನ ಮಾತನ್ನು ಯಾರೂ ಕೇಳಿರಲಿಲ್ಲ. ಎದೆ ಹಗುರಾಗಿ, ನಾಯಿಗೆ ಗಂಜಿ ಕಾಯಿಸೋಣವೆಂದು ಎದ್ದಾಗ ಬ್ಯಾಂಡೇಜಿನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ, ಮನೆ ಅದುರುವ ಹಾಗೆ ನೆಲಕ್ಕೆ ಬಿತ್ತು.

ಜಾರ್ಜ್‌ನ ಕಿವಿಯೂ ಅಲುಗಲಿಲ್ಲ.

ಎಲ್ಡನ್ ಚಪ್ಪಾಳೆ ತಟ್ಟಿದ. ಕೂಗಿದ. ನಾಯಿಗೆ ಏನೂ ಕೇಳಿಸುವಂತಿರಲಿಲ್ಲ. ಕೊನೆಗೆ ಬಗ್ಗಿ, ಎಡಗೈಯಿಂದ ಮೆಲ್ಲಗೆ ಅದರ ಬೆನ್ನು ಸವರಿದ. ನಿದ್ದೆಯಲ್ಲಿದ್ದ ಪ್ರಾಣಿ ಬೆಚ್ಚಿಬಿದ್ದು, ಇದ್ದ ಎರಡು ಹಲ್ಲನ್ನೂ ಆ ಕೈಗೆ ಊರಿತು.

ಆಮೇಲೆ ಪಾಪ ಅದಕ್ಕೇ ನಾಚಿಕೆಯಾಗಿ ಬಾಲ ಅಲ್ಲಾಡಿಸಿತು. ಎಲ್ಡನ್ ರಕ್ತ ತೊಳೆದುಕೊಂಡ. ಕಚ್ಚಿದ್ದು ದಾಖಲಾಗಲೇಬೇಕು, ಕಾನೂನು ಅದು. ಎರಡೂ ಕೈಗೆ ಗಾಯ, ನಂಬರನ್ನು ಮೂಗಿನ ತುದಿಯಿಂದ ಒತ್ತಿದನೋ ಹೇಗೋ, ಅಂತೂ ರೀಸ್‌ಗೆ ಫೋನ್ ಮಾಡಿದ.

"ನಾಯಿ ಕಚ್ತು," ಎಂದ.

"ಮತ್ತೆನಾ? ಈ ಸಲನಾದ್ರೂ ನಿಜ ಹೇಳಿ, ಪ್ರುಯಿಟ್ ಅವ್ರೇ. ಯಾರ ನಾಯಿ?"

"ನಂದೇ."

"ಬೆಳಗ್ಗೆನೂ ಹೀಗೇ ಹೇಳಿದ್ರಿ," ಎಂದು ರೀಸ್ ಫೋನ್ ಇಟ್ಟಳು.