ತಾತನ ಎರಡು ಮೀಸೆ

ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರ ಬಗ್ಗೆ ಪತ್ರಿಕೆಗೆ ಅರ್ಧ ಪುಟದ ಲೇಖನ ಬರೆದ ಮೇಲೆ, ಆ ವಿದ್ಯೆ ನನಗೂ ಅರ್ಧ ಬಂದಿದೆ ಎಂದು ತೀರ್ಮಾನಿಸಿದೆ. ಉಳಿದರ್ಧ ಕಲಿಯಲು ನಮ್ಮ ನಡುಮನೆಯ ಗೋಡೆಯೇ ಸಾಕು! ಅಲ್ಲಿ ಹೆಂಡತಿಯ ತಾತ, ಅಂದರೆ ನನ್ನ ಅತ್ತೆಯ ತಂದೆ, ಎಣ್ಣೆಬಣ್ಣದ ಚಿತ್ರವಾಗಿ ಹೊಗೆ ಹಿಡಿದು ಕೂತಿದ್ದರು. ಸಂಜೆ ಅತ್ತೆ ಬರುವವರಿದ್ದರು. ಅಷ್ಟರಲ್ಲಿ ತಾತನನ್ನು ಬೆಳಗಿಸಿ, 'ಅಳಿಯ ಅಂದರೆ ಹೀಗಿರಬೇಕು' ಅನ್ನಿಸಿಕೊಳ್ಳುವುದು ನನ್ನ ಘನ ಸಂಕಲ್ಪ.

ಇಂಥ ಕೊಳೆಗೆ ಎಂಜಲಿನಷ್ಟು ಹದವಾದ ಮದ್ದಿಲ್ಲ ಎಂದು ನಾನು ಮಾತಾಡಿಸಿದ ದುರಸ್ತಿಗಾರ್ತಿಯೇ ಹೇಳಿದ್ದರು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ಹಣೆಯಿಂದ ಶುರು ಮಾಡಿದೆ.

ಹೆಂಡತಿ ಅಡುಗೆಮನೆಯಿಂದ ಬಂದಳು.

"ರೀ! ನಮ್ಮ ತಾತನ ಮುಖಕ್ಕೆ ಎಂಜಲು ಹಚ್ತಾ ಇದ್ದೀರಾ?"

"ಇದು ಶಾಸ್ತ್ರೀಯ ವಿಧಾನ ಕಣೇ."

"ನಿಮ್ಮ ತಾತನಿಗೆ ಹಚ್ಚಿ, ನೋಡೋಣ!"

"ಅವರ ಚಿತ್ರ ಬರೆಯೋ ಧೈರ್ಯ ಯಾರಿಗೂ ಇರಲಿಲ್ಲ."

ಹಣೆ ಬೆಳಗಿತು. ಕೆನ್ನೆಗೆ ಕಳೆ ಬಂತು. ಮೂಗಿನ ಕೆಳಗೆ ಹೋದಾಗ ಹತ್ತಿ ಕಪ್ಪಾಯಿತು. ನೋಡುತ್ತೇನೆ, ಮನೆತನದ ಹೆಮ್ಮೆಯ ಹುರಿಮೀಸೆ ಅರ್ಧ ಮಾಯ! ಎರಡೂ ಕಡೆ ಸಮ ಮಾಡಲು ಹೋದೆ. ಪೂರ್ತಿ ಮಾಯ!

"ಅಮ್ಮನಿಗೆ ಏನ್ರೀ ಹೇಳೋದು? ತಾತ ಕ್ಷೌರ ಮಾಡಿಸಿಕೊಂಡ್ರು ಅಂತಲಾ?"

ಗೇಟು ಕಿರುಗುಟ್ಟಿತು. ಕೈಗೆ ಸಿಕ್ಕಿದ್ದು ಹೆಂಡತಿಯ ಕಾಡಿಗೆ ಪೆನ್ಸಿಲ್. ಎರಡೇ ಎಳೆತಕ್ಕೆ ತಾತನಿಗೆ ಮೊದಲಿಗಿಂತ ಠೀವಿಯ ಮೀಸೆ ಬಂತು.

ಅತ್ತೆ ಚಿತ್ರದ ಮುಂದೆ ನಿಂತು ನಿಟ್ಟುಸಿರು ಬಿಟ್ಟರು.

"ಇದನ್ನ ದುರಸ್ತಿಗೆ ಒಯ್ಯೋಕೇ ಬಂದೆ ಅಳಿಯಂದಿರೇ. ಅಪ್ಪನಿಗೆ ಮೀಸೆಯೇ ಇರಲಿಲ್ಲ. ನನ್ನ ತಮ್ಮ ಚಿಕ್ಕವನಿದ್ದಾಗ ಮಸಿಯಲ್ಲಿ ಗೀಚಿದ್ದು. ಅವನ ಮಾನ ಉಳಿಸೋಕೆ ಯಾರಿಗೂ ಹೇಳಲಿಲ್ಲ. ಅಳಿಸಿದ್ರೆ ಮುಖಾನೇ ಕಿತ್ತು ಬಂದೀತು ಅಂತ ಭಯ ಬೇರೆ. ಈಗ ಅಪ್ಪನ ಮುಖ ಹೇಗಿತ್ತು ಅನ್ನೋದೇ ಮರೆತು ಹೋಗ್ತಿದೆ."

"ಈಗಲೇ ತೆಗೀತೀನಿ ಅತ್ತೆ!" ಹತ್ತಿ ಹಿಡಿದು ಹಾರಿದೆ. ಒರೆಸಿದೆ, ಒರೆಸಿದೆ. ನನ್ನ ಬಾಯಿ ಒಣಗಿತೇ ಹೊರತು ಮೀಸೆ ಜಗ್ಗಲಿಲ್ಲ.

"ಆ ಕಾಡಿಗೆ ಕಣ್ಣೀರಿಗೂ ಹೋಗಲ್ಲ ರೀ," ಎಂದಳು ಹೆಂಡತಿ ತಣ್ಣಗೆ. "ನಿಮ್ಮನ್ನ ಕಟ್ಟಿಕೊಂಡ ಮೇಲೆ ಅದನ್ನೇ ಕೊಳ್ತಿರೋದು."

ಮರುದಿನ ಮೂವರೂ ಆ ದುರಸ್ತಿಗಾರ್ತಿಯ ಮೇಜಿನ ಮುಂದೆ ನಿಂತೆವು. ಅವರು ಭೂತಗನ್ನಡಿ ಹಿಡಿದು ನೋಡಿ, ಅತ್ತೆಯ ಕಡೆ ತಿರುಗಿದರು.

"ಹೆದರಬೇಡಿ ಅಮ್ಮ, ಮುಖಕ್ಕೇನೂ ಆಗಿಲ್ಲ, ಇದನ್ನ ತೆಗೀಬಹುದು. ಕೆಳಗಿದ್ದ ಹಳೇ ಮಸಿಯನ್ನ ಯಾರೋ ಬಹಳ ನಾಜೂಕಾಗಿ ತೆಗೆದಿದ್ದಾರೆ. ಅವರನ್ನ ನಮ್ಮಲ್ಲಿಗೆ ಕೆಲಸಕ್ಕೆ ಕಳಿಸಿ. ಈ ಹೊಸ ಮೀಸೆ ಬರೆದ ಪುಣ್ಯಾತ್ಮನನ್ನ ಮಾತ್ರ ಯಾವ ಚಿತ್ರದ ಹತ್ತಿರಕ್ಕೂ ಬಿಡಬೇಡಿ."

ಎದೆ ಉಬ್ಬಿಸುವುದೋ ತಲೆ ತಗ್ಗಿಸುವುದೋ ತಿಳಿಯದೆ ನಿಂತಿದ್ದೆ.

"ಕಳಿಸಬಹುದು," ಎಂದಳು ಹೆಂಡತಿ. "ಆದ್ರೆ ಎಲ್ಲಿಗೆ ಹೋದ್ರೂ ಇಬ್ರೂ ಒಟ್ಟಿಗೇ ಬರ್ತಾರೆ, ಪರವಾಗಿಲ್ವಾ?"